ದುಂಡು ಕಾಗದದ ಮೊದಲ ಹೆಸರು

ಕಲ್ಲುಹಿಟ್ಟಿನ ಗಿರಣಿಯಲ್ಲಿ ಮೂರು ಬೀಸುಯಂತ್ರ ಒಟ್ಟಿಗೆ ತಿರುಗುವಾಗ, ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಬ್ಬನ ದನಿ ಮಾತ್ರ. ಮೂಟೆ ಹೊರುವ ಆ ಆಳು ಅಂಗಳದ ಈ ತುದಿಯಲ್ಲಿ ನಿಂತು "ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಸಾಕು!" ಎಂದರೆ ಆ ತುದಿಯ ಲಾರಿಯವನು ಬ್ರೇಕು ಒತ್ತುತ್ತಿದ್ದ. ಮೇಸ್ತ್ರಿಯೇ ಅವನಿಗೆ ಮೈಕು ಎಂದು ಹೆಸರಿಟ್ಟ. ಮುಂದೆ ಒಂದು ಮುಷ್ಕರದಲ್ಲಿ ಆ ಗಂಟಲು ನಮ್ಮ ಕಡೆ ಬಂತು. ಧ್ವನಿವರ್ಧಕ ತರುವ ಯೋಗ್ಯತೆ ನಮಗಿರಲಿಲ್ಲ, ಬೇಕಾಗಲೂ ಇಲ್ಲ. ಹಳ್ಳಿಯ ಈ ಬದಿ ನಿಂತು ಅವನು ಘೋಷಣೆ ಕೂಗಿದರೆ ಆ ಬದಿಯ ಪೊಲೀಸ್ ಠಾಣೆಯಲ್ಲಿ ಸಾಹೇಬರು ಟೋಪಿ ಹುಡುಕುತ್ತಿದ್ದರು.

ಗಿರಣಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗುಡ್ಡದ ಬಿಳಿ ಕಲ್ಲನ್ನು ಒಡೆದು, ಬೀಸಿ, ಮೈಗೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಮಾಡಿ ಚೀಲ ತುಂಬುತ್ತಾರೆ. ಅದು ಗಾಜಿಗೆ ಹೋಗುತ್ತದೆ, ಬಣ್ಣಕ್ಕೆ ಹೋಗುತ್ತದೆ. ಚೀಲಕ್ಕೆ ಹೋಗದೆ ಉಳಿದದ್ದು ನಮ್ಮ ಎದೆಗೆ ಹೋಗುತ್ತದೆ. ನೀರು ಚಿಮುಕಿಸಿಕೊಂಡು ಬೀಸಿದರೆ ಧೂಳು ಏಳುವುದಿಲ್ಲ. ಆದರೆ ಹಿಟ್ಟು ಒಣಗುವ ತನಕ ಲಾರಿ ಕಾಯಬೇಕಾಗುತ್ತದೆ. ಲಾರಿ ಕಾಯಬಾರದು, ಆಳು ಕೆಮ್ಮಬಹುದು. ಇಪ್ಪತ್ತು ವರ್ಷ ಅಲ್ಲಿ ದುಡಿದವರು ನಲವತ್ತೈದಕ್ಕೆ ಮುದುಕರಾಗಿ ಐವತ್ತು ಕಾಣದೆ ಹೋದರು. ಗಿರಣಿಯ ಡಾಕ್ಟರು ಎಲ್ಲರ ಚೀಟಿಯಲ್ಲೂ ಒಂದೇ ಬರೆಯುತ್ತಿದ್ದರು: ಕ್ಷಯ. ಸರ್ಕಾರಿ ಡಾಕ್ಟರು ಒಳ್ಳೆಯವರು, ಬಾಯಲ್ಲಿ "ಇದು ಧೂಳು" ಎನ್ನುತ್ತಿದ್ದರು, ಕೈಯಲ್ಲಿ "ಹಳೆಯ ಕ್ಷಯ" ಎಂದೇ ಬರೆಯುತ್ತಿದ್ದರು. ಅವರ ಇಲಾಖೆಯ ರೋಗಗಳ ಪಟ್ಟಿಯಲ್ಲಿ ಧೂಳಿನ ರೋಗ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ರೋಗ ಯಾರಿಗೂ ಬರುವಂತಿಲ್ಲ.

ಮೈಕಿಗೆ ಒಬ್ಬಳು ಅಕ್ಕ. ಅವ್ವ ಸತ್ತಾಗ ಅವನಿಗೆ ನಾಲ್ಕು, ಅವಳಿಗೆ ಹನ್ನೊಂದು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಿರಣಿಯ ಗೇಟು ದಾಟಿದವಳು. ತುಂಬಿದ ಚೀಲದ ಬಾಯಿ ಹೊಲಿಯುವುದು ಅವಳ ಕೆಲಸ. ಕೈಯಲ್ಲಿ ಯಾವಾಗಲೂ ದಬ್ಬಳ, ಬಾಯಲ್ಲೂ ಅಂಥದ್ದೇ ಒಂದು. ಊರಿಗೆಲ್ಲ ಅವಳು ದಬ್ಬಳದಕ್ಕ. ಮದುವೆಯ ಮಾತು ಬಂದಾಗಲೆಲ್ಲ, "ಮೊದ್ಲು ಇವ್ನ ಮೂಗು ಒರೆಸಿ ಮುಗೀಲಿ" ಎನ್ನುತ್ತಿದ್ದಳು. ಮೂಗು ಒರೆಸಿ, ಏಳನೇ ತರಗತಿಯವರೆಗೆ ಓದಿಸಿ, ಮೂಟೆ ಹೊರುವ ಸಾಲಿಗೆ ಸೇರಿಸುವಷ್ಟರಲ್ಲಿ ಅವಳ ವಯಸ್ಸು ಜಾರಿತ್ತು. ನಲವತ್ತೊಂದಕ್ಕೆ ಅವಳು ಮೆಟ್ಟಿಲ ಅರ್ಧದಲ್ಲಿ ಕೂರತೊಡಗಿದಳು. ಯಾರಾದರೂ ಏನಾಯಿತೆಂದರೆ, "ಮೆಟ್ಟಿಲಿಗೆ ದಣಿವಾಯ್ತಂತೆ, ಅದಕ್ಕೇ ಕೂತೆ" ಎನ್ನುತ್ತಿದ್ದಳು.

ಇನ್ನು ನಮ್ಮ ದುಂಡು ಕಾಗದದ ವಿಷಯ. ಮೊದಲ ಮುಷ್ಕರದಲ್ಲಿ ನಾವೂ ಎಲ್ಲರ ಹಾಗೆ ಮೇಲಿಂದ ಕೆಳಕ್ಕೆ ಸಹಿ ಹಾಕಿ ಮನವಿ ಕೊಟ್ಟೆವು. ಮೊದಲ ಸಹಿ ಯಂತ್ರಕ್ಕೆ ಎಣ್ಣೆ ಬಿಡುವವನದು. ಮರುದಿನ ಅವನ ಕೆಲಸ ಹೋಯಿತು, ವಾರದೊಳಗೆ ಕಾಲು ಮುರಿಯಿತು. ಎರಡನೆಯ ಸಹಿಯವನು ಊರು ಬಿಟ್ಟ. ಅಂದಿನಿಂದ ನಮ್ಮದು ದುಂಡು. ದೊಡ್ಡ ಹಾಳೆಯ ಮೇಲೆ ತಟ್ಟೆ ಬೋರಲಿಟ್ಟು ಗೆರೆ ಎಳೆಯುವುದು, ಬೇಡಿಕೆಯನ್ನು ನಡುವೆ ಬರೆಯುವುದು, ಸಹಿ ಹೆಬ್ಬೆಟ್ಟುಗಳನ್ನು ಸುತ್ತಲೂ ಚಕ್ರದ ಕಡ್ಡಿಗಳ ಹಾಗೆ ಹಾಕುವುದು. ಒಂದು ಸುತ್ತು ತುಂಬಿದರೆ ಅದರ ಹೊರಗೆ ಇನ್ನೊಂದು. ಯಾರು ಮೊದಲು ಯಾರು ಕೊನೆ ಎಂದು ಹಾಕಿದವರಿಗೂ ಗೊತ್ತಾಗಬಾರದು. ಮೇಸ್ತ್ರಿ ಅದನ್ನು ಹಿಡಿದುಕೊಂಡು ಲಾರಿಯ ಸ್ಟೇರಿಂಗಿನಂತೆ ತಿರುಗಿಸುವುದನ್ನು ನೋಡಿ ನಕ್ಕಿದ್ದೇವೆ. ಮನವಿ ಕೊಟ್ಟ ದಿನವೇ ಅದರ ನಕಲನ್ನು ಗಿರಣಿಯ ಗೋಡೆಗೆ ಅಂಟಿಸುವುದು ಎರಡನೆಯ ಪದ್ಧತಿ. ಕೊಟ್ಟ ಕಾಗದವನ್ನು ಅವರು ಹರಿದರೂ ಗೋಡೆಯ ಮೇಲೆ ನಮ್ಮದು ಇರಬೇಕು. ಇಪ್ಪತ್ತೆಂಟು ವರ್ಷ ಈ ಎರಡೂ ಪದ್ಧತಿ ನಮ್ಮನ್ನು ಕಾದವು.

ಮೈಕು ಸಂಸತ್ತಿಗೆ ಹೋದದ್ದು ಒಂದು ಆಕಸ್ಮಿಕ, ಅದರಲ್ಲಿ ಮುಚ್ಚುಮರೆಯೇನಿಲ್ಲ. ದೊಡ್ಡ ಪಕ್ಷದಲ್ಲಿ ಅಣ್ಣ ತಮ್ಮ ಇಬ್ಬರೂ ಟಿಕೆಟ್ಟಿಗೆ ಬಡಿದಾಡಿ, ಟಿಕೆಟ್ಟು ಸಿಗದ ತಮ್ಮ ಬೇರೆ ನಿಂತ. ನಾವು ಸುಮ್ಮನೆ ನಾಲ್ಕು ಮಾತು ಆಡಲು ಜಾಗ ಸಿಗಲಿ ಎಂದು ಮೈಕನ್ನು ಏಣಿ ಗುರುತಿನಲ್ಲಿ ನಿಲ್ಲಿಸಿದೆವು. ಎಣಿಕೆ ಮುಗಿದಾಗ ಸಾವಿರದ ಒಂಬೈನೂರು ಮತಗಳಿಂದ ಅವನು ಗೆದ್ದಿದ್ದ. ಎಲ್ಲರೂ ಕುಣಿದರು. ದಬ್ಬಳದಕ್ಕ ಕೂತಲ್ಲಿಂದ ಏಳಲಿಲ್ಲ.

"ಅವರಿಬ್ರೂ ಕಿತ್ತಾಡಿದ್ರು, ಬಾಗಿಲು ತೆರ್ಕೊಳ್ತು, ನಮ್ಮೋನು ಜಾರಿ ಒಳಗೆ ಬಿದ್ದ" ಎಂದಳು. "ಏ ತಮ್ಮಾ, ಬಿದ್ದಿದ್ದು ಬಿದ್ದೆ. ಈಗ ಆ ಪಟ್ಟೀಲಿ ನಮ್ಮ ಕಾಯಿಲೆ ಹೆಸ್ರು ಸೇರ್ಸಿ ಬಾ. ಸಾಯೋದು ಸಾಯ್ತೀವಿ, ಸುಳ್ಳು ಹೆಸ್ರಲ್ಲಿ ಯಾಕೆ ಸಾಯೋಣ?"

"ಆರು ತಿಂಗ್ಳು ಕೊಡಕ್ಕ" ಎಂದ ಅವನು.

ರಾಜಧಾನಿಯಲ್ಲಿ ಅವನಿಗೆ ಸದಸ್ಯರ ವಸತಿಯಲ್ಲಿ ಎರಡು ಕೋಣೆ ಕೊಟ್ಟರು. ಒಂದರಲ್ಲಿ ಮಂಚ, ಇನ್ನೊಂದರಲ್ಲಿ ಮೇಜು, ಮೇಜಿನ ಹಿಂದೆ ಒಬ್ಬರು ಆಪ್ತ ಸಹಾಯಕರು. ತೆಳ್ಳನೆಯ ಮನುಷ್ಯ, ಮೂವತ್ತು ವರ್ಷದಲ್ಲಿ ಏಳು ಜನ ಸದಸ್ಯರನ್ನು ಕಂಡವರು, ಸದನದ ನಿಯಮಗಳು ಅವರಿಗೆ ಬಾಯಿಪಾಠ. ಮೈಕು ಅವರನ್ನು ಗುರುಗಳೇ ಎನ್ನುತ್ತಿದ್ದ. ಅವರು ಇವನನ್ನು ಸಾರ್ ಎನ್ನುತ್ತಿದ್ದರು, ಆದರೆ ಮೇಷ್ಟ್ರು ದಡ್ಡನಿಗೆ ಹೇಳುವ ದನಿಯಲ್ಲಿ.

ಮೊದಲು ಪ್ರಶ್ನೆ ಹಾಕಿದ. ಸದನದಲ್ಲಿ ಪ್ರಶ್ನೆಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಹದಿನಾಲ್ಕು ಸಲ ಇವನ ಚೀಟಿ ಬರಲಿಲ್ಲ. ಹದಿನೈದನೆಯ ಸಲ ಬಂತು. ಗಿರಣಿಗಳ ಧೂಳಿನಿಂದ ಎಷ್ಟು ಜನ ಸತ್ತಿದ್ದಾರೆ ಎಂಬ ಪ್ರಶ್ನೆಗೆ ಮಂತ್ರಿಗಳ ಉತ್ತರ ಒಂದು ಸಾಲು: ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ. ಒಂದು ವರ್ಷದ ಮೇಲೆ ಮತ್ತೆ ಕೇಳಿದ. ಮಾಹಿತಿಯನ್ನು ಇನ್ನೂ ಸಂಗ್ರಹಿಸಲಾಗುತ್ತಿದೆ.

ಆಮೇಲೆ ಮಾತಾಡಲು ಸಮಯ ಕೇಳಿದ. ಮೂರು ನಿಮಿಷ ಸಿಕ್ಕಿತು. ಎರಡೂವರೆ ನಿಮಿಷಕ್ಕೆ ಹಳದಿ ದೀಪ, ಮೂರಕ್ಕೆ ಕೆಂಪು, ಕೂಡಲೇ ಮೇಜಿನ ಮೇಲಿನ ಮೈಕು ಸತ್ತಿತು. ಇವನಿಗೆ ಅದರ ಹಂಗೇನು? ಬೀಸುಯಂತ್ರದ ಮೇಲೆ ಕೂಗಿದ ಗಂಟಲಿನಲ್ಲಿ ಸತ್ತವರ ಸಂಖ್ಯೆ ಹೇಳುತ್ತಲೇ ಹೋದ. ಮೇಲಿನ ಗ್ಯಾಲರಿಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಬಗ್ಗಿ ನೋಡಿದರು. ಸಭಾಧ್ಯಕ್ಷರು ತಣ್ಣಗೆ, "ಮಾನ್ಯ ಸದಸ್ಯರ ಮಾತು ಕಡತಕ್ಕೆ ಹೋಗುವುದಿಲ್ಲ" ಎಂದರು. ನಡುವಿನ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟು ಬೆರಳು ನೆಟಿಗೆ ಮುರಿದರು. ಮರುದಿನ ಅಚ್ಚಾದ ಪುಸ್ತಕದಲ್ಲಿ ಅವನ ಹೆಸರು, ಐದು ಸಾಲು, ಆಮೇಲೆ ಕಂಸದೊಳಗೆ ಒಂದು ಪದ: ಅಡಚಣೆ.

"ಎಲ್ರಿಗೂ ಕೇಳಿಸ್ತು ಗುರುಗಳೇ!" ಎಂದ ಮೈಕು.

"ಇಲ್ಲಿ ಕಿವಿಗೆ ಬಿದ್ದಿದ್ದು ಗಾಳಿ ಸಾರ್. ಪೆನ್ನಿಗೆ ಬಿದ್ದಿದ್ದೇ ಮಾತು" ಎಂದರು ಸಹಾಯಕರು. ಫ್ಲಾಸ್ಕಿನಿಂದ ಇಬ್ಬರಿಗೂ ಚಹಾ ಬಗ್ಗಿಸಿದರು.

ಆರು ತಿಂಗಳು ಎಂದದ್ದು ಎರಡೂವರೆ ವರ್ಷ ಆಯಿತು. ಮೈಕು ಅಕ್ಕನನ್ನು ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅಕ್ಕನನ್ನು ಹೊರಗೆ ಕೂರಿಸಿ, ಇವನಿಗೆ ಒಬ್ಬನಿಗೇ ಹೇಳಿದರು. "ಎದೆ ಕಲ್ಲಾಗಿದೆ. ಇದಕ್ಕೆ ಮದ್ದಿಲ್ಲ. ಮನೇಲೇ ಇದ್ದು, ಮೆಟ್ಟಿಲು ಹತ್ತದೆ, ದೂರ ಪ್ರಯಾಣ ಮಾಡದೆ ನೋಡ್ಕೊಂಡ್ರೆ ಐದಾರು ವರ್ಷ. ಅಲೆದಾಡಿಸಿದ್ರೆ ನಾನು ಏನೂ ಹೇಳೋಕಾಗಲ್ಲ." ಬರೆದುಕೊಡಿ ಎಂದು ಕೇಳಿದ. ಅವರ ಮುಂದೆಯೂ ಅದೇ ಪಟ್ಟಿ ಇತ್ತು. ಹಳೆಯ ಕ್ಷಯ, ವಾಸಿಯಾಗಿದೆ ಎಂದು ಬರೆದರು.

ಐದಾರು ವರ್ಷ. ಮೈಕಿಗೆ ಇನ್ನು ಬೇಕಾಗಿದ್ದದ್ದು ಅಷ್ಟೇ. ಅಕ್ಕ ಮನೆಯಲ್ಲಿ ಕೂತಿರಬೇಕು, ಅವಳು ಕೂತಿರುವಾಗಲೇ ರೋಗಕ್ಕೆ ಅದರ ಹೆಸರು ಬರಬೇಕು.

ಆಗಲೇ ಸಹಾಯಕರು ಅರ್ಜಿ ಸಮಿತಿಯ ದಾರಿ ತೋರಿಸಿದ್ದು. ಜನ ಬರೆದ ಮನವಿಯನ್ನು ಒಬ್ಬ ಸದಸ್ಯ ಸದನದಲ್ಲಿ ಮಂಡಿಸಿದರೆ ಸಮಿತಿ ಅದನ್ನು ವಿಚಾರಿಸಲೇಬೇಕು, ಮಂತ್ರಿಗಳನ್ನು ಕರೆಸಲೇಬೇಕು. ಮಾಹಿತಿ ಸಂಗ್ರಹಿಸುತ್ತಿದ್ದೇವೆ ಎಂದರೆ ನಡೆಯುವುದಿಲ್ಲ. ನಾವು ಊರಲ್ಲಿ ತಟ್ಟೆ ಬೋರಲಿಟ್ಟೆವು. ಧೂಳಿನ ರೋಗ ಪಟ್ಟಿಗೆ ಸೇರಲಿ, ನೀರು ಚಿಮುಕಿಸಿ ಬೀಸಲಿ, ಹೊರಗಿನ ಡಾಕ್ಟರು ಎಲ್ಲರ ಎದೆ ನೋಡಲಿ, ಇಲ್ಲಿಯವರೆಗೆ ನಲವತ್ತೊಂದು ಜನ ಸತ್ತಿದ್ದಾರೆ. ಸುತ್ತಲೂ ನಾನೂರ ಹನ್ನೆರಡು ಸಹಿ. ಮೈಕು ಅದನ್ನು ಹಿಡಿದುಕೊಂಡು ಅರ್ಜಿ ಶಾಖೆಗೆ ಹೋದ. ಅಲ್ಲಿಯ ಅಧಿಕಾರಿ ಕನ್ನಡಕ ಏರಿಸಿ ಕಾಗದವನ್ನು ಒಂದು ಸುತ್ತು ತಿರುಗಿಸಿದರು.

"ಇದನ್ನ ಎಲ್ಲಿಂದ ಓದ್ಬೇಕು ಸ್ವಾಮಿ?"

"ಎಲ್ಲಿಂದ ಬೇಕಾದ್ರೂ ಓದಿ."

"ಮೊದಲ ಅರ್ಜಿದಾರರು ಯಾರು?"

"ಯಾರೂ ಇಲ್ಲ. ಅದಕ್ಕೇ ದುಂಡಗಿರೋದು."

"ನಾವು ಉತ್ತರ ಬರೆಯೋದು ಯಾರಿಗೆ ಹಾಗಾದ್ರೆ? ಸೊನ್ನೆಗಾ? ಮೊದಲ ಅರ್ಜಿದಾರರ ಪೂರ್ತಿ ಹೆಸರು, ವಿಳಾಸ, ಸಹಿ, ಬೇರೆ ಹಾಳೆ ಮೇಲೆ ಬೇಕು. ಅದು ಮೇಲೆ, ಈ ಚಕ್ರ ಅದರ ಕೆಳಗೆ."

"ನನ್ನ ಹೆಸ್ರೇ ಬರ್ಕೊಳ್ಳಿ."

"ನೀವು ಸದಸ್ಯರು. ತಮ್ಮ ಅರ್ಜಿ ತಾವೇ ಮಂಡಿಸೋ ಹಾಗಿಲ್ಲ. ಒಂದೋ ಸಹಿ ಹಾಕ್ಬೇಕು, ಇಲ್ಲ ಮಂಡಿಸ್ಬೇಕು. ಎರಡೂ ಆಗಲ್ಲ."

"ಮಂಡಿಸೋಕೆ ಬೇರೆ ಸದಸ್ಯರನ್ನ ಕರ್ಕೊಂಡು ಬರ್ತೀನಿ."

"ಕರ್ಕೊಂಡು ಬನ್ನಿ. ಯಾರು ಬೇಡ ಅಂದ್ರು?"

ಹನ್ನೊಂದು ಜನ ಸದಸ್ಯರ ಬಾಗಿಲು ತಟ್ಟಿದ. ಒಬ್ಬರಿಗೆ ಪಕ್ಷದ ಅಪ್ಪಣೆ ಬೇಕಿತ್ತು. ಒಬ್ಬರ ಅಳಿಯನ ಲಾರಿಗಳು ಅದೇ ಗಿರಣಿಗೆ ಓಡುತ್ತಿದ್ದವು. ಒಬ್ಬರು ಹೆಗಲ ಮೇಲೆ ಕೈಹಾಕಿ, "ಮೈಕಣ್ಣ, ನಿನ್ನ ಮಾತು ಕೇಳಿದ್ರೆ ಕಣ್ಣಲ್ಲಿ ನೀರು ಬರತ್ತೆ ಮಾರಾಯ, ಆದ್ರೆ ಸಹಿ ಮಾತ್ರ ಕೇಳ್ಬೇಡ" ಎಂದರು. ಅವನು ತಿರುಗಿ ಊರಿಗೆ ಬಂದ.

ನಮ್ಮ ತಗಡಿನ ಶೆಡ್ಡಿನಲ್ಲಿ ಸಭೆ ಸೇರಿತು. ಒಬ್ಬರ ಹೆಸರು ಬೇಕು ಎಂದ. ಘೋಷಣೆ ಕೂಗಲು ನಾನು ತಾನು ಎಂದು ಮುನ್ನುಗ್ಗುವ ಜನ ಕಾಲುಬೆರಳು ನೋಡಿಕೊಂಡು ಕೂತೆವು. ಎಣ್ಣೆ ಬಿಡುವವನು ಇನ್ನೂ ಬದುಕಿದ್ದ, ಮುರಿದ ಕಾಲು ಚಾಚಿಕೊಂಡು ಎದುರಿಗೇ ಇದ್ದ. ಅವನು ಹೇಳುವುದೇನು, ಕಾಲೇ ಕಾಣುತ್ತಿತ್ತಲ್ಲ.

ಹಿಂದಿನಿಂದ ದಬ್ಬಳದಕ್ಕ ಗೋಡೆ ಹಿಡಿದುಕೊಂಡು ಎದ್ದಳು. ಎರಡು ಮಾತಿಗೆ ಒಂದು ಉಸಿರು ತೆಗೆದುಕೊಳ್ಳುತ್ತ ಮಾತಾಡಿದಳು.

"ನನ್ನ ಹೆಸ್ರು ಬರೀರೋ. ಕೆಲ್ಸ ಹೋಗತ್ತೆ ಅಂತ ಹೆದರ್ಬೇಕಾದೋರು ಕೆಲ್ಸದಲ್ಲಿ ಇರೋರು. ನನ್ನ ಆ ಗಿರಣಿ ಅಗಿದು ಉಗಿದಾಗಿದೆ."

"ಅಕ್ಕಾ, ನೀನು ಕೂತ್ಕೋ" ಎಂದ ಮೈಕು.

"ಕೂತ್ಕೊಂಡೇ ಇರ್ತೀನಲ್ಲ, ಮನೇಲಿ. ಹೆಸ್ರು ಓಡಾಡ್ಲಿ. ನಿಂಗೆ ಹಾಕೋಕೆ ಬರಲ್ಲ, ಇವ್ರಿಗೆ ಹಾಕೋಕೆ ಗುಂಡಿಗೆ ಇಲ್ಲ. ಇನ್ನೇನು, ಗೋಡೆ ಮೇಲಿರೋ ಹಲ್ಲಿ ಹಾಕತ್ತಾ?"

ಎಲ್ಲರೂ ನಕ್ಕರು. ನಗುವುದು ಸುಲಭವಾಗಿತ್ತು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಅವಳು ಬಿಡಿಹಾಳೆಯ ಮೇಲೆ ಒತ್ತಿದಳು. ಶಾಖೆಯಲ್ಲಿ ಅಧಿಕಾರಿ ಇನ್ನೊಂದು ತಕರಾರು ತೆಗೆದರು: ಒಬ್ಬರದು ಎರಡು ಕಡೆ ಇರುವಂತಿಲ್ಲ. ದುಂಡು ಕಾಗದದಲ್ಲಿದ್ದ ಅವಳ ಹೆಬ್ಬೆಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

ಮಂಡನೆಯ ಬೆಳಿಗ್ಗೆ ಸಹಾಯಕರು ಮೈಕನ್ನು ಸದನದ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು. "ಸಾರ್, ಸರಿಯಾಗಿ ಕೇಳಿಸ್ಕೊಳ್ಳಿ. ಈ ಕಾಗದ ಸದನದ ಒಳಗಿರೋ ತನಕ ಯಾವ ಕೋರ್ಟೂ ಇದನ್ನ ಮುಟ್ಟಲ್ಲ. ಹೊರಗೆ ಬಿದ್ರೆ ಆ ರಕ್ಷಣೆ ಇಲ್ಲ. ನಕಲು ಯಾರ ಕೈಗೂ ಹೋಗ್ಬಾರದು. ಊರಿನೋರಿಗೆ ಇವತ್ತೇ ಹೇಳಿಬಿಡಿ."

"ಆಯ್ತು ಗುರುಗಳೇ."

ಹನ್ನೆರಡೂ ಕಾಲಿಗೆ ಅವನು ಎದ್ದು ನಿಂತು ಅರ್ಜಿ ಮಂಡಿಸಿದ. ಅರ್ಧ ನಿಮಿಷದ ಕೆಲಸ. ಈ ಸಲ ಪೆನ್ನುಗಳು ಓಡಿದವು. ಅವನು ಪಡಸಾಲೆಗೆ ಬಂದು ನಮಗೆ ಫೋನು ಮಾಡಿದ. "ಕಡತಕ್ಕೆ ಹೋಯ್ತು ಕಣ್ರೋ! ಬರ್ಕೊಂಡ್ರು! ಅಕ್ಕನ ಹೆಸ್ರು ಓದಿದ್ರು!" ಎಂದು ಆ ಗಂಟಲಿನಲ್ಲಿ ಕೂಗಿದ. ಅಕ್ಕನಿಗೆ ಫೋನು ಕೊಡಿ ಎಂದ. ಅಕ್ಕನ ಹತ್ತಿರ ಅತ್ತ. ಎರಡೂವರೆ ವರ್ಷದಲ್ಲಿ ಅವನು ಗೆದ್ದ ಮೊದಲ ಅರ್ಧ ನಿಮಿಷ ಅದು. ಸಹಾಯಕರು ಹೇಳಿದ್ದನ್ನು ಹೇಳಲು ಮರೆತ.

ನಾವು ಕಾಯುವವರಲ್ಲ. ಶಾಖೆಯಲ್ಲಿ ತಿದ್ದಿದ ಕಾಗದದ ಒಂದು ಪ್ರತಿ ನಮ್ಮ ಹತ್ತಿರ ಇತ್ತು. ಮಧ್ಯಾಹ್ನ ಮೂರರೊಳಗೆ ಅರವತ್ತು ನಕಲು ತೆಗೆಸಿದೆವು. ಅಂಟು ಕಲೆಸಿದವನು ನಾನೇ. ನಾಲ್ಕಕ್ಕೆ ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಗೋಡೆಯ ಉದ್ದಕ್ಕೂ ಮನವಿ ಇತ್ತು, ಯಾವಾಗಲೂ ಇರುವ ಹಾಗೆ. ಒಂದೇ ವ್ಯತ್ಯಾಸ. ಈ ಸಲ ದುಂಡು ಕಾಗದದ ಮೇಲೆ ಇನ್ನೊಂದು ಹಾಳೆ ಇತ್ತು, ಅದರಲ್ಲಿ ಒಂದೇ ಹೆಸರು, ಮನೆಯ ವಿಳಾಸ, ಒಂದು ಹೆಬ್ಬೆಟ್ಟು. ಮ್ಯಾನೇಜರು ಹೊರಗೆ ಬಂದು ನಿಧಾನವಾಗಿ ಓದಿ, ಫೋಟೋ ತೆಗೆದುಕೊಂಡು ಒಳಗೆ ಹೋದ. ಕಾಗದ ಕಿತ್ತುಹಾಕಲಿಲ್ಲ. ಅವನು ಕಿತ್ತುಹಾಕಲಿಲ್ಲ ಎಂದಾಗಲೇ ನಮಗೆ ಹೊಳೆಯಬೇಕಿತ್ತು.

ಹನ್ನೊಂದು ದಿನಕ್ಕೆ ಸಮನ್ಸು ಬಂತು. ಧೂಳಿನಿಂದ ನಲವತ್ತೊಂದು ಜನ ಸತ್ತರೆಂದು ಗೋಡೆಯ ಮೇಲೆ ಸುಳ್ಳು ಬರೆದು ಗಿರಣಿಯ ಮಾನ ಕಳೆದಿದ್ದಾರೆ. ಒಂದನೆಯ ಆರೋಪಿ ದಬ್ಬಳದಕ್ಕ, ಮತ್ತು ಇತರರು. ಮೊಕದ್ದಮೆ ಹೂಡಿದ್ದು ನಮ್ಮ ಊರಲ್ಲಲ್ಲ, ಗಿರಣಿಯ ಮುಖ್ಯ ಕಚೇರಿ ಇದ್ದ ನಗರದಲ್ಲಿ. ಹದಿನಾಲ್ಕು ಗಂಟೆಯ ರೈಲು. ಕೋರ್ಟು ಎರಡನೇ ಮಹಡಿಯಲ್ಲಿ, ಲಿಫ್ಟು ಇಲ್ಲ, ನಲವತ್ತಾರು ಮೆಟ್ಟಿಲು.

ಸಹಾಯಕರು ಸಮನ್ಸನ್ನು ಎರಡು ಸಲ ಓದಿದರು. "ಹೇಳಿದ್ರಾ ಸಾರ್, ಊರಿನೋರಿಗೆ?"

ಮೈಕು ಸಮನ್ಸನ್ನು ಮಡಿಸಿ ಜೇಬಿಗಿಟ್ಟ. ಅವತ್ತು ಚಹಾ ಫ್ಲಾಸ್ಕಿನಲ್ಲೇ ತಣ್ಣಗಾಯಿತು.

ವಕೀಲರು ಹಾಜರಿಯಿಂದ ವಿನಾಯಿತಿ ಕೇಳಿದರು. ಗಿರಣಿಯ ವಕೀಲ ಎದ್ದು, ಕಾಯಿಲೆ ಏನು ಎಂದ. ನಮ್ಮ ಹತ್ತಿರ ಇದ್ದದ್ದು ಡಾಕ್ಟರಮ್ಮ ಬರೆದ ಚೀಟಿ: ಹಳೆಯ ಕ್ಷಯ, ವಾಸಿಯಾಗಿದೆ. ವಾಸಿಯಾದ ಕಾಯಿಲೆಗೆ ವಿನಾಯಿತಿ ಎಲ್ಲಿಯದು? ಪ್ರತಿ ಸಲ ಬರಬೇಕು ಎಂದಾಯಿತು. ಆ ಚೀಟಿಯಲ್ಲಿ ಸರಿಯಾದ ಹೆಸರು ಇರಲಿ ಎಂದೇ ಅರ್ಜಿ ಹಾಕಿದ್ದು. ಅರ್ಜಿ ಹಾಕಿದ್ದಕ್ಕೇ ಈ ಅಲೆದಾಟ.

ಒಂದು ವರ್ಷ ಹತ್ತು ತಿಂಗಳಲ್ಲಿ ಎಂಟು ಸಲ ಹೋದರು. ಸಂಸತ್ ಸದಸ್ಯರ ಪಾಸಿನಲ್ಲಿ ಜೊತೆಗಾರರಿಗೆ ಮೊದಲ ದರ್ಜೆ. ಬಿಳಿಯ ಹಾಸಿಗೆ ನೋಡಿ ಅಕ್ಕ ಮೊದಲ ಸಲ, "ಇದ್ರ ಮೇಲೆ ಮಲಗಿದ್ರೆ ನನ್ನ ಆಕಾರ ಧೂಳಲ್ಲಿ ಮೂಡತ್ತೆ" ಎಂದಿದ್ದಳು. ಮೂರನೆಯ ಸಲದಿಂದ ಅವಳಿಗೆ ಮಲಗಲು ಆಗಲೇ ಇಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಹದಿನಾಲ್ಕು ಗಂಟೆಯೂ ಮುಂದಕ್ಕೆ ಬಾಗಿ, ತಮ್ಮನ ಮಂಡಿ ಹಿಡಿದು ಕೂತಿರುತ್ತಿದ್ದಳು. ಎಂಟು ಸಲದಲ್ಲಿ ಆರು ಸಲ ವಾಯಿದೆ. ಇತ್ತ ಅರ್ಜಿ ಸಮಿತಿ ಮೂರು ಸಲ ಸೇರಿತು, ಮಂತ್ರಾಲಯದವರನ್ನು ಕರೆಸಿತು. ಅವರು ಪಟ್ಟಿಗೆ ಸೇರಿಸಲು ಅಭ್ಯಂತರವಿಲ್ಲ ಎಂದು ಬಾಯಲ್ಲಿ ಒಪ್ಪಿದರು. ಮುಂದಿನ ಸಭೆಯಲ್ಲಿ ವರದಿ ಎಂದು ಗೊತ್ತುಮಾಡಿದರು. ಮೈಕು ದಿನ ಎಣಿಸುತ್ತಿದ್ದ. ಅವನಿಗಿಂತ ಹೆಚ್ಚಾಗಿ ಸಹಾಯಕರು ಎಣಿಸುತ್ತಿದ್ದರು.

ಆ ಮುಂದಿನ ಸಭೆ ನಡೆಯಲಿಲ್ಲ. ಸರ್ಕಾರ ಬಿತ್ತು, ಸದನ ವಿಸರ್ಜನೆಯಾಯಿತು, ಅವಧಿಗೆ ಏಳು ತಿಂಗಳು ಮೊದಲೇ. ಸದನ ಸತ್ತರೆ ಅದರ ಹೊಟ್ಟೆಯಲ್ಲಿದ್ದ ಅರ್ಜಿಯೂ ಸಾಯುತ್ತದೆಯಂತೆ. ಶಾಖೆಯಿಂದ ಮೊದಲ ಅರ್ಜಿದಾರಳ ವಿಳಾಸಕ್ಕೆ ಒಂದು ಸಾಲಿನ ಪತ್ರ ಬಂತು: ತಮ್ಮ ಅರ್ಜಿ ರದ್ದಾಗಿದೆ ಎಂದು ಪರಿಗಣಿಸಲಾಗಿದೆ. ಮೊಕದ್ದಮೆ ಮಾತ್ರ ರದ್ದಾಗಲಿಲ್ಲ. ಅದರ ಹುಟ್ಟು ಗೋಡೆಯ ಮೇಲೆ. ಗೋಡೆಯನ್ನು ಯಾರು ವಿಸರ್ಜನೆ ಮಾಡುತ್ತಾರೆ?

ಮತ್ತೆ ಚುನಾವಣೆ. ಅಣ್ಣ ತಮ್ಮ ಈ ಸಲವೂ ಒಂದಾಗಿರಲಿಲ್ಲ, ಮೈಕು ಗೆಲ್ಲಬಹುದಿತ್ತು. ಗೆದ್ದರೆ ಅರ್ಜಿಯನ್ನು ಮತ್ತೆ ಮಂಡಿಸಬಹುದು. ವರದಿ ಬರೆದಾಗಿತ್ತು, ಸಮಿತಿ ಇನ್ನೊಂದು ಸಲ ಸೇರಿದರೆ ಸಾಕಿತ್ತು. ಮೊದಲು ಸಲ್ಲಿಸಿದ ನಾಮಪತ್ರದಲ್ಲಿ ಅಧಿಕಾರಿ ಏನೋ ತಪ್ಪು ಹುಡುಕಿ ತಿದ್ದಿ ತರಲು ಹೇಳಿದರು. ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಅವನೇ ಖುದ್ದಾಗಿ ಹೋಗಬೇಕು. ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹದಿನಾಲ್ಕು ಗಂಟೆ ದೂರದ ಕೋರ್ಟಿನಲ್ಲಿ ಅಕ್ಕನ ಹಾಜರಿ. ತಪ್ಪಿಸಿದರೆ ವಾರಂಟು ಎಂದು ಹಿಂದಿನ ಸಲವೇ ಎಚ್ಚರಿಸಿದ್ದರು.

"ನಮ್ಮಲ್ಲಿ ಯಾರಾದ್ರೂ ಅಕ್ಕನ್ನ ಕರ್ಕೊಂಡು ಹೋಗ್ತೀವಿ, ನೀನು ನಾಮಪತ್ರ ನೋಡ್ಕೋ" ಎಂದೆವು.

"ಅವ್ಳನ್ನ ಮೆಟ್ಟಿಲು ಹತ್ತಿಸೋದು ಹೇಗೆ ಅಂತ ನಿಮಗೆ ಗೊತ್ತಾ?" ಎಂದ. "ಎಲ್ಲಿ ನಿಲ್ಲಿಸ್ಬೇಕು, ಎಷ್ಟು ಹೊತ್ತು? ತುಟಿ ಯಾವ ಬಣ್ಣಕ್ಕೆ ಬಂದ್ರೆ ಕೂರಿಸ್ಬೇಕು?"

ನಮಗೆ ಗೊತ್ತಿರಲಿಲ್ಲ. ಅಕ್ಕ ಬಯ್ದಳು. "ಏ ಮಂಗಾ, ನಾಮಪತ್ರ ಹಾಕೋ. ನನ್ನ ಹಿಡ್ಕೊಂಡು ಏನ್ ಮಾಡ್ತೀಯ? ನಂದು ಮುಗಿದ ಬಾಳು, ಗಿರಣಿ ಒಳಗಿರೋರ್ದು ನೋಡು." ಅವನು ಕೇಳಲಿಲ್ಲ. ಜೀವಮಾನದಲ್ಲಿ ಅಕ್ಕನ ಮಾತು ಮೀರಿದ್ದು ಅದೊಂದೇ ಸಲ. ಸರಿಯೋ ತಪ್ಪೋ, ಇವತ್ತಿಗೂ ನಾವು ಶೆಡ್ಡಿನಲ್ಲಿ ಜಗಳವಾಡುತ್ತೇವೆ. ನಾನೂರು ಜನರ ಎದೆ ಒಂದು ಕಡೆ, ಒಬ್ಬಳ ಎದೆ ಒಂದು ಕಡೆ. ಚಳವಳಿಯ ಮಾತಾದರೆ ಅವನು ಮಾಡಿದ್ದು ತಪ್ಪು. ಅವಳ ಹೆಸರನ್ನು ಗೋಡೆಗೆ ಅಂಟಿಸಿದವರು ಆ ಮಾತು ಆಡಬಾರದು ಎಂಬುದೂ ನನಗೆ ಗೊತ್ತಿದೆ.

ಪಾಸು ಹೋಗಿತ್ತು. ಸಾಮಾನ್ಯ ಬೋಗಿಯಲ್ಲಿ, ಕಾಲಿಡಲು ಜಾಗವಿಲ್ಲದ ಕಡೆ ಕೂತು ಹೋದರು. ಕೋರ್ಟಿನ ಕೆಳಗೆ ಅವಳಿಗೆ ಮೊದಲ ಮೆಟ್ಟಿಲೇ ಆಗಲಿಲ್ಲ. ಮೈಕು ತಿರುಗಿ ಬೆನ್ನು ಕೊಟ್ಟು ಕುಳಿತ, ಮೂಟೆ ಎತ್ತಿಸಿಕೊಳ್ಳುವವನು ಕೂರುವ ಹಾಗೆ. ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಹತ್ತಿದ.

ಇಪ್ಪತ್ತನೇ ಮೆಟ್ಟಿಲಲ್ಲಿ ಅವಳು ಕಿವಿಯ ಹತ್ತಿರ ಕೇಳಿದಳು. "ಎಷ್ಟು ತೂಕ ಇದ್ದೀನೋ?"

"ಒಂದು ಚೀಲಾನೂ ಇಲ್ಲಕ್ಕ."

"ಹೊಲಿಗೆ ಬಿಚ್ಚಿದೆ ಕಣೋ. ಸೋರ್ತಾ ಇದ್ದೀನಿ."

ಮೇಲೆ ಹೋಗಿ ನೋಡಿದರೆ ನ್ಯಾಯಾಧೀಶರು ರಜೆ. ಬೆಂಚ್ ಕ್ಲರ್ಕು ತಲೆಯೆತ್ತದೆ ಮುಂದಿನ ತಾರೀಖು ಕೊಟ್ಟ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಇನ್ನು ಯಾವ ರೈಲು ಹಿಡಿದರೂ ಮೂರಕ್ಕೆ ನಮ್ಮ ಊರು ಮುಟ್ಟುವಂತಿರಲಿಲ್ಲ. ಅವನು ಅವಳನ್ನು ಮತ್ತೆ ಬೆನ್ನಿಗೆ ಹಾಕಿಕೊಂಡು ಇಳಿದ. ಅವನ ಸಂಸತ್ ಬದುಕು ಮುಗಿದದ್ದು ಆ ಮೆಟ್ಟಿಲುಗಳ ಮೇಲೆ.

ಹತ್ತೊಂಬತ್ತು ದಿನಕ್ಕೆ ಅಕ್ಕ ಹೋದಳು. ಬೆಳಿಗ್ಗೆ, ಮನೆಯ ಹೊಸ್ತಿಲಲ್ಲಿ, ಕೂತಲ್ಲೇ. ಐದಾರು ವರ್ಷ ಎಂದಿದ್ದದ್ದು ಎರಡು ವರ್ಷಕ್ಕೆ ಮುಗಿದಿತ್ತು. ಮರಣಪತ್ರದಲ್ಲಿ ಕಾರಣ: ಹಳೆಯ ಕ್ಷಯ. ಸರ್ಕಾರಿ ಡಾಕ್ಟರು ಅದನ್ನು ಬರೆಯುವಾಗ ಮೈಕಿನ ಮುಖ ನೋಡಲಿಲ್ಲ.

ಮುಂದಿನ ತಾರೀಖಿಗೆ ಅವನು ಆ ಪತ್ರ ಹಿಡಿದು ಒಬ್ಬನೇ ಹೋದ. ನ್ಯಾಯಾಧೀಶರು ಇದ್ದರು. ಒಂದನೆಯ ಆರೋಪಿ ತೀರಿಕೊಂಡಿದ್ದಾರೆ ಎಂದು ಬರೆದುಕೊಂಡು, "ಇತರರು ಯಾರು? ಎರಡನೆಯವರ ಹೆಸರು ಹೇಳಿ" ಎಂದರು. ಗಿರಣಿಯ ವಕೀಲ ದುಂಡು ಕಾಗದದ ನಕಲು ತೆಗೆದು ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಎಲ್ಲಿಂದ ಎಣಿಸಬೇಕೆಂದು ತಿಳಿಯಲಿಲ್ಲ. ಹೆಬ್ಬೆಟ್ಟುಗಳ ಪಕ್ಕ ವಿಳಾಸವೂ ಇರಲಿಲ್ಲ.

ಹಿಂದಿನ ಬೆಂಚಿನಿಂದ ಮೈಕು ಎದ್ದ. "ನಾನು ಸ್ವಾಮಿ. ಎರಡನೆಯವ್ನು ನಾನು."

"ನಿಮ್ಮ ಸಹಿ ತೋರಿಸಿ."

ಅವನು ಕಾಗದ ಕೈಗೆ ತೆಗೆದುಕೊಂಡ. ನಾನೂರ ಹನ್ನೊಂದು ಗುರುತು, ಅಕ್ಕನದರ ಮೇಲೆ ಒಂದು ಗೆರೆ. ತನ್ನದು ಎಲ್ಲಿಯೂ ಇರಲಿಲ್ಲ. ಮಂಡಿಸುವವನು ಸಹಿ ಹಾಕುವಂತಿರಲಿಲ್ಲವಲ್ಲ.

"ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು. ಇತರರನ್ನು ಗುರುತಿಸಲಾಗಿಲ್ಲವಾದ್ದರಿಂದ ಮೊಕದ್ದಮೆ ಮುಕ್ತಾಯ. ನಾವು ಅಷ್ಟೂ ಜನ ಪಾರಾದೆವು. ದುಂಡು ನಮ್ಮನ್ನು ಈ ಸಲವೂ ಕಾದಿತ್ತು, ಒಬ್ಬಳನ್ನು ಹೊರಗಿಟ್ಟು.

ಗಿರಣಿ ನೀರು ಚಿಮುಕಿಸದೆಯೇ ಬೀಸುತ್ತಿದೆ. ಸತ್ತವರು ಈಗ ಐವತ್ತಮೂರು. ಚುನಾವಣೆ ಗೆದ್ದವನು ಆ ಅಣ್ಣತಮ್ಮಂದಿರಲ್ಲಿ ತಮ್ಮ, ಮೊದಲ ದಿನ ಮೆರವಣಿಗೆ ಹೊರಟದ್ದು ಗಿರಣಿಯ ಲಾರಿಗಳಲ್ಲಿ. ಮೈಕು ಹೊಸ ಅರ್ಜಿ ಬರೆದಿದ್ದಾನೆ. ಸಹಾಯಕರು ನಿವೃತ್ತಿಯಾದ ಮೇಲೂ ಊರಿಗೆ ಬಂದು ಎರಡು ದಿನ ಕೂತು ತಿದ್ದಿಕೊಟ್ಟರು. ಕೆಳಗೆ ದುಂಡು ಕಾಗದ, ಮೇಲೆ ಬಿಡಿಹಾಳೆ. ಅವನೀಗ ಸದಸ್ಯನಲ್ಲ, ಆದ್ದರಿಂದ ಮೊದಲ ಹೆಸರು ಅವನದೇ ಇರಬಹುದು, ಇದೆ. ಆದರೆ ಮಂಡಿಸಲು ಒಬ್ಬ ಸದಸ್ಯ ಬೇಕು. ಪ್ರತಿ ಸೋಮವಾರ ಹತ್ತಕ್ಕೆ ಆ ಫೈಲು ಹಿಡಿದು ಆ ಗೆದ್ದವನ ಕಚೇರಿಯ ಮುಂದಿನ ಬೆಂಚಿನ ಮೇಲೆ ಕೂರುತ್ತಾನೆ, ಒಂದಕ್ಕೆ ಎದ್ದು ಬರುತ್ತಾನೆ. ಒಂದು ವರ್ಷ ನಾಲ್ಕು ತಿಂಗಳಾಯಿತು.

ಹದಿನೈದು ವರ್ಷ ಅವನೂ ಅದೇ ಹಿಟ್ಟು ಹೊತ್ತವನು. ಹೋದ ಸೋಮವಾರ ನಾನೂ ಜೊತೆಗಿದ್ದೆ. ಬಾಗಿಲಲ್ಲಿ ಕೂತವನು ಹೊಸಬ, ಅವನಿಗೆ ಇವನ ಗುರುತಿಲ್ಲ.

"ಯಾರು ಬಂದಿದ್ದಾರೆ ಅಂತ ಹೇಳ್ಲಿ?"

ಮೈಕು ಏನೋ ಹೇಳಿದ. ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಯಜಮಾನ್ರೇ."

ಅವನು ಬಾಯಿ ತೆರೆದ, ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಗೋಡೆ ಹಿಡಿದುಕೊಂಡ. ಆಮೇಲೆ ಫೈಲು ಬಿಚ್ಚಿ, ಮೇಲಿನ ಹಾಳೆಯನ್ನು ಬಾಗಿಲಿನವನ ಕಡೆಗೆ ತಿರುಗಿಸಿ, ಮೊದಲ ಹೆಸರಿನ ಮೇಲೆ ಬೆರಳಿಟ್ಟ.